ಒಂದು ಅಗುಳು ಸಾಕೇ?



ನಮ್ಮೂರ ಶಾಲೆಯಲ್ಲಿ ಹಗಲು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಸಂಜೆ ಏಳಕ್ಕೆ ಅದೇ ಕೋಣೆಗೆ ಆ ಮಕ್ಕಳ ತಾಯಂದಿರು, ಅಜ್ಜಿಯರು ಬರುತ್ತಾರೆ. ಮಕ್ಕಳ ಬೆಂಚು ಸಣ್ಣದು. ಅದಕ್ಕೆ ಚಾಪೆ ಹಾಸಿಕೊಂಡು ಕೂರುತ್ತೇವೆ.

ಯುಗಾದಿ ಕಳೆದ ಮೇಲೆ ಒಂದು ಸಂಜೆ. ಒಬ್ಬ ಅಕ್ಕ ಬಂದವರೇ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದರು. ಪಂಚಾಯಿತಿ ಗೋಡೆಗೆ ಯಾವುದೋ ಕಾಗದ ಅಂಟಿಸಿದ್ದರಂತೆ. ಅಕ್ಕ ಅದರ ಮುಂದೆ ನಿಂತು, ಅಕ್ಷರ ಕೂಡಿಸಿ ಕೂಡಿಸಿ ಓದಿದ್ದಾರೆ. ತಿಳಿಯದ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಾರೆ. ಚೀಟಿಯಲ್ಲಿ ಇದ್ದದ್ದು ಎರಡೇ ಪದ. ಸರಾಸರಿ ಇಳುವರಿ.

"ಇದೇನು ಟೀಚರಮ್ಮ? ನಮ್ಮ ಪಂಚಾಯ್ತಿಗೆ ರಾಗಿ ವಿಮೆ ದುಡ್ಡು ಬರಲ್ವಂತೆ. ಸರಾಸರಿ ಇಳುವರಿ ಚೆನ್ನಾಗದೆ ಅಂತ ಬರ್ದವ್ರೆ. ನನ್ನ ಒಂದು ಎಕರೇಲಿ ಎರಡೂವರೆ ಮೂಟೆ ಆಗಿಲ್ಲ. ಪಕ್ಕದೋರ್ದೂ ಅಷ್ಟೇ. ಹಂಗಾದ್ರೆ ಇದು ಯಾರ ಹೊಲದ ಲೆಕ್ಕ?"

ಆ ದಿನ ಬೇರೆ ಪಾಠ ಇತ್ತು. ಅದನ್ನು ಬದಿಗಿಟ್ಟೆವು. ಈ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ನಾಲ್ಕು ಸಂಜೆ ಹಿಡಿಯಿತು. ಆ ನಾಲ್ಕು ಸಂಜೆಯ ಮಾತನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲವನ್ನೂ ಎಣಿಸಲು ಆಗುವುದೇ?

ಲೆಕ್ಕ ತಿಳಿಯಲು ಒಂದು ದಾರಿ, ಎಲ್ಲವನ್ನೂ ಎಣಿಸುವುದು. ಜನಗಣತಿ ಹೀಗೆ ನಡೆಯುತ್ತದೆ. ಮನೆ ಮನೆಗೆ ಹೋಗಿ ಪ್ರತಿಯೊಬ್ಬರನ್ನೂ ಬರೆದುಕೊಳ್ಳುತ್ತಾರೆ. 2011ರಲ್ಲಿ ಹೀಗೆ ಎಣಿಸಿದಾಗ ನಮ್ಮ ಕರ್ನಾಟಕದಲ್ಲಿ ಇದ್ದವರು 6 ಕೋಟಿ 11 ಲಕ್ಷ ಜನ. ಏಳು ವರ್ಷ ಮತ್ತು ಅದಕ್ಕೂ ಮೇಲಿನ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 68 ಮಂದಿಗೆ ಓದು ಬರಹ ಬರುತ್ತಿತ್ತು. 1991ರಲ್ಲಿ ನೂರಕ್ಕೆ 44 ಮಂದಿಗೆ ಮಾತ್ರ ಬರುತ್ತಿತ್ತು. ಮುಂದಿನ ಗಣತಿ 2021ರಲ್ಲಿ ಆಗಬೇಕಿತ್ತು. ಕೊರೊನಾ ಬಂದು ಅದು ಮುಂದಕ್ಕೆ ಹೋಯಿತು.

ಎಲ್ಲವನ್ನೂ ಎಣಿಸಿದರೂ ತಪ್ಪು ನುಸುಳುತ್ತದೆ. ನಾನು ಒಮ್ಮೆ ಸಮೀಕ್ಷೆ ಕೆಲಸಕ್ಕೆ ಮನೆ ಮನೆ ತಿರುಗಿದೆ. ಒಬ್ಬ ಅಮ್ಮ ಎರಡು ಹಸುವಿನ ಹಾಲು ಕರೆದು, ಡೇರಿಗೆ ಹಾಕಿ, ಕೊಟ್ಟಿಗೆ ಬಳಿದು ಹೊರಗೆ ಬಂದರು. ಕೈಯಲ್ಲಿ ಇನ್ನೂ ಸಗಣಿ ಇತ್ತು. "ಏನು ಕೆಲಸ ಮಾಡ್ತೀರಮ್ಮ?" ಎಂದೆ. "ಏನೂ ಇಲ್ಲ ಕಣವ್ವ, ಮನೇಲೇ ಇದೀನಿ" ಎಂದರು! ನಾನು ಮತ್ತೊಮ್ಮೆ ಕೇಳಿ ಬರೆದುಕೊಂಡೆ. ಕೇಳದೆ ಹೋದವರು ಎಷ್ಟು ಮಂದಿಯೋ. ನಾವು ಕೊಡುವ ಉತ್ತರವೇ ಆಮೇಲೆ ಅಂಕಿ ಆಗುತ್ತದೆ.

ಇರಲಿ. ರಾಗಿಯ ವಿಷಯಕ್ಕೆ ಬರೋಣ. ಒಂದು ಪಂಚಾಯಿತಿಯಲ್ಲಿ ನೂರಾರು ಹೊಲ. ಎಲ್ಲ ಹೊಲದ ರಾಗಿಯನ್ನೂ ಯಾರು ತೂಗುವುದು? ಆಗುವ ಮಾತಲ್ಲ. ಆಗ ಏನು ಮಾಡಬೇಕು?

ಇದಕ್ಕೆ ಉತ್ತರ ನಿಮಗೆ ಮೊದಲೇ ಗೊತ್ತು. ಅನ್ನ ಬೆಂದಿದೆಯೇ ಎಂದು ಹೇಗೆ ನೋಡುತ್ತೀರಿ? ಪಾತ್ರೆಯ ಅನ್ನವನ್ನೆಲ್ಲ ಹಿಸುಕುವುದಿಲ್ಲ. ಒಂದು ಅಗುಳು ತೆಗೆದು ಹಿಸುಕಿ ನೋಡುತ್ತೀರಿ. ಆ ಒಂದು ಅಗುಳು ಇಡೀ ಪಾತ್ರೆಯ ಪರವಾಗಿ ಮಾತಾಡುತ್ತದೆ. ಹೀಗೆ ಇಡಿಯ ಪರವಾಗಿ ತೆಗೆದ ಸ್ವಲ್ಪಕ್ಕೆ ಮಾದರಿ ಎಂದು ಹೆಸರು. ಲೆಕ್ಕ ಬಲ್ಲವರು ದೊಡ್ಡ ದೊಡ್ಡ ಪುಸ್ತಕ ಬರೆದಿರುವುದು ಈ ಅಗುಳಿನ ಬಗ್ಗೆಯೇ.

ಅಗುಳು ಯಾವಾಗ ಮೋಸ ಮಾಡುತ್ತದೆ?

ನಾನು ಇಷ್ಟು ಹೇಳಿದ್ದೇ ತಡ, ಹಿಂದೆ ಕೂತಿದ್ದ ಅಜ್ಜಿ ಕೇಳಿದರು. "ಮದುವೆ ಮನೆ ಹಂಡೆ ಅನ್ನಕ್ಕೂ ಒಂದೇ ಅಗುಳು ಸಾಕೇನವ್ವ? ಮೇಲಿಂದು ಅಕ್ಕಿ ಅಕ್ಕಿ ಇರ್ತದೆ, ಕೆಳಗಿಂದು ತಳ ಹತ್ತಿರ್ತದೆ."

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಮನೆಯ ಸಣ್ಣ ಪಾತ್ರೆಯಲ್ಲಿ ನೀರು ಕೊತ ಕೊತ ಕುದಿಯುತ್ತದೆ. ಅಗುಳೆಲ್ಲ ಮೇಲೆ ಕೆಳಗೆ ಓಡಾಡುತ್ತದೆ. ಎಲ್ಲವೂ ಒಂದೇ ಸಮ ಬೇಯುತ್ತದೆ. ಅಲ್ಲಿ ಒಂದು ಅಗುಳು ಸಾಕು. ಹಂಡೆಯಲ್ಲಿ ಹಾಗಲ್ಲ. ಅಲ್ಲಿ ಮೇಲೊಂದು, ನಡುವೆ ಒಂದು, ತಳದಲ್ಲಿ ಒಂದು ನೋಡಬೇಕು. ಸಾರಿನ ಉಪ್ಪು ನೋಡುವಾಗಲೂ ಸೌಟು ಹಾಕಿ ಚೆನ್ನಾಗಿ ತಿರುಗಿಸಿಯೇ ನಾಲಿಗೆಗೆ ಹಚ್ಚುತ್ತೀರಿ, ಅಲ್ಲವೇ?

ಸಂತೆಯಲ್ಲಿ ಟೊಮೆಟೊ ಬುಟ್ಟಿ ನೋಡಿ. ಮೇಲೆ ಕೆಂಪಗೆ ಗುಂಡಗೆ ಇರುವುದನ್ನು ಜೋಡಿಸಿರುತ್ತಾರೆ. ಮೇಲಿನ ನಾಲ್ಕು ನೋಡಿ ಬುಟ್ಟಿ ಕೊಂಡವರು ಮನೆಗೆ ಹೋಗಿ ಬೈದುಕೊಳ್ಳುತ್ತಾರೆ. ಮಾದರಿ ತೆಗೆದದ್ದು ತಪ್ಪಲ್ಲ. ಮಾದರಿಯನ್ನು ಮಾರುವವನೇ ಆರಿಸಿ ಕೊಟ್ಟ. ಅದು ತಪ್ಪು.

ಹೊಲಗಳು ಕುದಿಯುವ ಪಾತ್ರೆಯ ಅಗುಳಿನಂತೆ ಒಂದೇ ಸಮ ಇರುವುದಿಲ್ಲ. ಕೆರೆ ಕೆಳಗಿನ ಹೊಲ ಬೇರೆ. ದಿಣ್ಣೆ ಮೇಲಿನ ಬೆದ್ದಲು ಬೇರೆ. ಗೊಬ್ಬರ ಕಂಡ ಹೊಲ ಬೇರೆ. ಹಾಗಾದರೆ ಯಾವ ಹೊಲವನ್ನು ತೂಗಬೇಕು? ಒಳ್ಳೆಯ ಹೊಲ ಆರಿಸಿದರೆ ರೈತರಿಗೆ ನಷ್ಟ. ಕೆಟ್ಟ ಹೊಲ ಆರಿಸಿದರೆ ವಿಮೆ ಕೊಡುವವರಿಗೆ ನಷ್ಟ. ಯಾರು ಆರಿಸಿದರೂ ಇನ್ನೊಬ್ಬರಿಗೆ ಅನುಮಾನ.

"ಚೀಟಿ ಎತ್ತಿದ್ರಾಯ್ತು" ಎಂದರು ಒಬ್ಬ ತಂಗಿ.

ಸರಿಯಾದ ಮಾತು! ನಮ್ಮ ಚೀಟಿ ವ್ಯವಹಾರದಲ್ಲಿ ಏನು ಮಾಡುತ್ತೇವೆ? ಎಲ್ಲರ ಹೆಸರು ಬರೆದು, ಒಂದೇ ಥರ ಮಡಚಿ, ಡಬ್ಬಕ್ಕೆ ಹಾಕಿ ಕುಲುಕುತ್ತೇವೆ. ಏನೂ ಅರಿಯದ ಮಗುವಿನ ಕೈಯಲ್ಲಿ ಎತ್ತಿಸುತ್ತೇವೆ. ಮಗುವಿಗೆ ಇವರು ಬೇಕು, ಅವರು ಬೇಡ ಎಂಬುದಿಲ್ಲ. ಡಬ್ಬದಲ್ಲಿ ಇರುವ ಪ್ರತಿ ಹೆಸರಿಗೂ ಮೇಲೆ ಬರಲು ಸಮ ಅವಕಾಶ. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಯಾದೃಚ್ಛಿಕ ಮಾದರಿ ಎನ್ನುತ್ತಾರೆ. ಆ ಪದ ನಾಲಿಗೆ ತಿರುಗಿಸುತ್ತದೆ, ನನಗೂ ಕಷ್ಟ. ನಾವು ಚೀಟಿ ಮಾದರಿ ಎನ್ನೋಣ.

ಒಂದು ಮಾತು ನೆನಪಿಡಿ. ಕೆಲವರ ಹೆಸರು ಡಬ್ಬಕ್ಕೇ ಬೀಳದಿದ್ದರೆ ಮಗು ಎತ್ತಿಯೂ ಪ್ರಯೋಜನ ಇಲ್ಲ.

ಹಗ್ಗ ಹಿಡಿದು ಬರುವವರು

ಬೆಳೆಯ ಲೆಕ್ಕಕ್ಕೂ ಇದೇ ರೀತಿ ಚೀಟಿ ಇದೆ. ಅದರ ಹೆಸರು ಬೆಳೆ ಕಟಾವು ಪ್ರಯೋಗ.

ಹಿಂದೆ ಹೀಗಿರಲಿಲ್ಲ. ಗ್ರಾಮದ ಅಧಿಕಾರಿ ಹೊಲದ ಬದುವಿನಲ್ಲಿ ನಿಂತು ಕಣ್ಣಳತೆಯಲ್ಲಿ ಹೇಳುತ್ತಿದ್ದರು. ಪೂರ್ತಿ ಬೆಳೆ ಆದರೆ ಹದಿನಾರಾಣೆ. ಅರ್ಧ ಆದರೆ ಎಂಟಾಣೆ. ಇದಕ್ಕೆ ಆಣೆವಾರಿ ಎನ್ನುತ್ತಿದ್ದರು. ಈಗಲೂ ನಮ್ಮ ಹಿರಿಯರು "ಈ ಸಲ ಎಂಟಾಣೆ ಬೆಳೆ" ಎನ್ನುವುದುಂಟು. ಕಣ್ಣಳತೆ ಒಬ್ಬೊಬ್ಬರದು ಒಂದೊಂದು ಥರ. ನೂರು ವರ್ಷದ ಹಿಂದೆ, 1920ರ ದಶಕದಲ್ಲಿ, ಬಿಹಾರ ಮತ್ತು ಒಡಿಶಾದ ಕಡೆ ಹಬ್ಬಕ್ ಎಂಬ ಅಧಿಕಾರಿ ಭತ್ತದ ಗದ್ದೆಯಲ್ಲಿ ಸಣ್ಣ ಜಾಗ ಗುರುತು ಮಾಡಿ, ಕೊಯ್ದು ತೂಗಿ ನೋಡಿದರು. ಆಮೇಲೆ ಬಂಗಾಳದ ಪಿ. ಸಿ. ಮಹಲನೋಬಿಸ್ ಈ ಕೆಲಸವನ್ನು ದೊಡ್ಡದು ಮಾಡಿದರು. 1931ರಲ್ಲಿ ಕಲ್ಕತ್ತೆಯಲ್ಲಿ ಲೆಕ್ಕದ ದೊಡ್ಡ ಸಂಸ್ಥೆ ಕಟ್ಟಿದವರು ಇವರೇ. ಅದರ ಹೆಸರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಆ ಸಂಸ್ಥೆಯಲ್ಲಿ ಸುಮಾರು 40 ವರ್ಷ ಕೆಲಸ ಮಾಡಿದರು. ಈ ಶಾಸ್ತ್ರದಲ್ಲಿ ಜಗತ್ತಿಗೆ ಹೆಸರಾದರು. 2023ರಲ್ಲಿ, 102ನೆಯ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ ತೀರಿಕೊಂಡರು.

ಈಗ ಕಟಾವು ಹೇಗೆ ನಡೆಯುತ್ತದೆ ನೋಡೋಣ.

ಮೊದಲು ಸರ್ವೆ ನಂಬರು ಆರಿಸುತ್ತಾರೆ. ನಮ್ಮ ಚೀಟಿ ಡಬ್ಬದ ಹಾಗೆಯೇ, ಯಾರ ಇಷ್ಟಕ್ಕೂ ಸಿಗದ ಅಂಕಿಗಳಿಂದ ಆರಿಸುತ್ತಾರೆ. ಮುಖ್ಯ ಬೆಳೆಗಳಿಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ 4 ಕಡೆ ಕಟಾವು ಆಗಬೇಕು. ಆ ಹೊಲಕ್ಕೆ ಹೋದ ಮೇಲೂ ಮನಸ್ಸಿಗೆ ಬಂದ ಕಡೆ ಕೊಯ್ಯುವಂತಿಲ್ಲ. ಹೊಲದ ಒಂದು ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ಅದಕ್ಕೂ ಅಂಕಿ ಇರುತ್ತದೆ. ಅಲ್ಲಿ ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ರಾಗಿ, ಭತ್ತದಂಥ ಬೆಳೆಗೆ 5 ಮೀಟರ್ ಉದ್ದ, 5 ಮೀಟರ್ ಅಗಲ. ಹಗ್ಗದ ಒಳಗಿನ ಬೆಳೆ ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಈಗ ಮೊಬೈಲಿನಲ್ಲಿ ಫೋಟೊ ತೆಗೆದು ಜಾಗದ ಗುರುತನ್ನೂ ಹಾಕುತ್ತಾರೆ.

5 ಮೀಟರ್ ಅಂದರೆ ಎಷ್ಟು? ನಾವು ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು ಅಳೆದೆವು. ಒಂದು ಸಣ್ಣ ಮನೆಯ ಅಡುಗೆ ಕೋಣೆ, ನಡುಮನೆ ಸೇರಿದಷ್ಟು ಜಾಗ. ಒಂದು ಎಕರೆಯಲ್ಲಿ ಅಂಥ ಜಾಗ ಸುಮಾರು 162 ಇರುತ್ತದೆ. ಒಂದು ಹೆಕ್ಟೇರಿನಲ್ಲಿ ಸರಿಯಾಗಿ 400. ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ.

ಹಗ್ಗದೊಳಗೆ 1 ಕೆ.ಜಿ. ರಾಗಿ ಸಿಕ್ಕರೆ ಹೆಕ್ಟೇರಿಗೆ 400 ಕೆ.ಜಿ. ಎಂದು ಬರೆಯುತ್ತಾರೆ. ಅಂದರೆ 4 ಕ್ವಿಂಟಲ್. ಇಲ್ಲಿ ಒಂದು ಸೂಕ್ಷ್ಮ ಇದೆ. ಹಗ್ಗದ ಆಚೆ ಬೇರು ಇರುವ ಪೈರು ಹಗ್ಗದ ಮೇಲೆ ಬಾಗಿರುತ್ತದೆ. ಅಂಥ ನಾಲ್ಕು ತೆನೆ ಒಳಗೆ ಸೇರಿ ಕಾಲು ಕೆ.ಜಿ. ಹೆಚ್ಚಾಯಿತು ಎನ್ನಿ. ಕಾಲು ಕೆ.ಜಿ. ಏನು ಮಹಾ? ಆದರೆ ಹೆಕ್ಟೇರಿಗೆ ಅದು 100 ಕೆ.ಜಿ. ಆಗುತ್ತದೆ! 1940ರ ದಶಕದಲ್ಲಿ ಪಿ. ವಿ. ಸುಖಾತ್ಮೆ ಎಂಬ ವಿಜ್ಞಾನಿ ಇದನ್ನೇ ತೋರಿಸಿದರು. ಅಳೆಯುವ ಜಾಗ ತೀರಾ ಸಣ್ಣದಾದರೆ ಅಂಚಿನ ಪೈರು ಒಳಗೆ ಸೇರಿ, ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ ಎಂದರು. ದೊಡ್ಡ ಜಾಗ ಕೊಯ್ಯಬೇಕೆಂದು ವಾದಿಸಿದರು. ಅಂಚಿನ ನಾಲ್ಕು ತೆನೆಗೆ ದೊಡ್ಡ ವಿದ್ವಾಂಸರ ನಡುವೆ ಚರ್ಚೆ ನಡೆದಿತ್ತು. ನಮ್ಮ ಅಕ್ಕಂದಿರಿಗೆ ಈ ಮಾತು ಬಹಳ ಹಿಡಿಸಿತು.

ಅಳಗುಳಿ ಮಣೆಯ ಮೇಲೆ ಸರಾಸರಿ

ಮೂರನೆಯ ಸಂಜೆ ಅಜ್ಜಿ ಮನೆಯಿಂದ ಅಳಗುಳಿ ಮಣೆ ತಂದರು. ಹುಣಸೆ ಬೀಜ ನಾನು ತಂದೆ.

ನಾಲ್ಕು ಗುಳಿ ಅಂದರೆ ನಾಲ್ಕು ಹೊಲ. ಒಂದು ಬೀಜ ಅಂದರೆ ಅರ್ಧ ಕೆ.ಜಿ. ರಾಗಿ. ಲೆಕ್ಕ ಸುಲಭ ಆಗಲಿ ಎಂದು ಅಂಕಿಗಳನ್ನು ನಾನೇ ಹಾಕಿದೆ. ಮೊದಲ ಹೊಲದಲ್ಲಿ ಹಗ್ಗದೊಳಗೆ 1 ಕೆ.ಜಿ. ಸಿಕ್ಕಿತು. 2 ಬೀಜ. ಎರಡನೆಯದರಲ್ಲಿ ಒಂದೂವರೆ ಕೆ.ಜಿ. 3 ಬೀಜ. ಮೂರನೆಯದರಲ್ಲೂ 3 ಬೀಜ. ನಾಲ್ಕನೆಯ ಹೊಲದಲ್ಲಿ 8 ಕೆ.ಜಿ. ಅಲ್ಲಿಗೆ 16 ಬೀಜ. ಗುಳಿ ತುಂಬಿ ಹೊರಗೆ ಉರುಳಿತು.

ಈಗ ಎಲ್ಲ ಬೀಜವನ್ನೂ ಒಟ್ಟುಗೂಡಿಸಿ. 24 ಆಯಿತು. ನಾಲ್ಕೂ ಗುಳಿಗೆ ಸಮವಾಗಿ ಹಂಚಿ. ಒಂದೊಂದಕ್ಕೆ 6. ಇದೇ ಸರಾಸರಿ. ಎಲ್ಲವನ್ನೂ ಕೂಡು, ಎಷ್ಟು ಪಾಲೋ ಅಷ್ಟಕ್ಕೆ ಸಮವಾಗಿ ಹಂಚು. ಬೇರೇನೂ ಇಲ್ಲ.

ಆರು ಬೀಜ ಅಂದರೆ 3 ಕೆ.ಜಿ. ಹೆಕ್ಟೇರಿಗೆ 12 ಕ್ವಿಂಟಲ್.

"ಆದ್ರೆ ಯಾರ ಹೊಲದಲ್ಲೂ ಮೂರು ಕೆ.ಜಿ. ಬಂದಿಲ್ವಲ್ಲ!" ಎಂದರು ಚೀಟಿ ತಂದಿದ್ದ ಅಕ್ಕ.

ಹೌದು. ಸರಾಸರಿ ಯಾರ ಹೊಲದ್ದೂ ಆಗಬೇಕಾಗಿಲ್ಲ. ಮೂರು ಹೊಲ ಅದಕ್ಕಿಂತ ಬಹಳ ಕೆಳಗೆ. ಒಂದು ಹೊಲ ಬಹಳ ಮೇಲೆ. ನಮ್ಮ ಸಂಘದಲ್ಲಿ ಒಂಬತ್ತು ಜನ ತಿಂಗಳಿಗೆ 6,000 ದುಡಿಯುತ್ತಾರೆ ಎನ್ನಿ. 66,000 ಸಂಬಳದ ಒಬ್ಬರು ಬಂದು ಸೇರಿದರು. ಈಗ ಸರಾಸರಿ 12,000! ಯಾರ ಮನೆಯ ಸಾರಿಗೂ ಒಂದು ಹನಿ ಎಣ್ಣೆ ಹೆಚ್ಚಲಿಲ್ಲ. ಕಾಗದದಲ್ಲಿ ಮಾತ್ರ ಎಲ್ಲರ ದುಡಿಮೆ ಎರಡರಷ್ಟಾಯಿತು.

ಹಾಗೆಂದು ಸರಾಸರಿಯನ್ನು ಬೈಯಬಾರದು. ನಮ್ಮ ಶಾಲೆಯ ಬಿಸಿಯೂಟಕ್ಕೆ ಸಣ್ಣ ತರಗತಿಯ ಒಂದು ಮಗುವಿಗೆ 100 ಗ್ರಾಂ ಅಕ್ಕಿ. 60 ಮಕ್ಕಳಿದ್ದರೆ 6 ಕೆ.ಜಿ. ಒಬ್ಬ ಹುಡುಗ ಎರಡು ಸಲ ಹಾಕಿಸಿಕೊಳ್ಳುತ್ತಾನೆ, ಇನ್ನೊಬ್ಬಳು ಅರ್ಧ ಬಿಡುತ್ತಾಳೆ. ಪಾತ್ರೆಗೆ ಎಷ್ಟು ಅಕ್ಕಿ ಸುರಿಯಬೇಕು ಎನ್ನಲು ಸರಾಸರಿ ಸಾಕು. ಯಾವ ಮಗು ಹಸಿದಿದೆ ಎಂದು ಅದು ಹೇಳುವುದಿಲ್ಲ.

ಸಾಮಾನ್ಯ ಹೊಲ ಹೇಗಿದೆ ಎಂದು ತಿಳಿಯಲು ಬೇರೆ ದಾರಿ ಇದೆ. ಶಾಲೆಯಲ್ಲಿ ಮಕ್ಕಳನ್ನು ಗಿಡ್ಡ, ಉದ್ದ ನೋಡಿ ಸಾಲಾಗಿ ನಿಲ್ಲಿಸುತ್ತೇವಲ್ಲ, ಹಾಗೆ ಗುಳಿಗಳನ್ನು ನಿಲ್ಲಿಸಿ. 2, 3, 3, 16. ಈಗ ನಡುವೆ ಯಾರಿದ್ದಾರೆ? 3 ಮತ್ತು 3. ಅಂದರೆ ಒಂದೂವರೆ ಕೆ.ಜಿ. ಈ ನಡುವಿನ ಅಂಕಿಗೆ ಮಧ್ಯಾಂಕ ಎನ್ನುತ್ತಾರೆ. ಕೊನೆಯ ಗುಳಿಯಲ್ಲಿ 16ರ ಬದಲು 160 ಇದ್ದರೂ ಮಧ್ಯಾಂಕ ಅಲುಗುವುದಿಲ್ಲ. ಸರಾಸರಿ ಮಾತ್ರ ಆಕಾಶಕ್ಕೆ ಏರುತ್ತದೆ. ಯಾರಾದರೂ ಸರಾಸರಿ ಹೇಳಿದರೆ "ನಡುವಿನದು ಎಷ್ಟು? ಎಲ್ಲಕ್ಕಿಂತ ಕಡಿಮೆ ಎಷ್ಟು? ಎಲ್ಲಕ್ಕಿಂತ ಹೆಚ್ಚು ಎಷ್ಟು?" ಎಂದು ಕೇಳಿ.

ನೀವೂ ಮಾಡಿ ನೋಡಿ. ನಿಮ್ಮ ಬೀದಿಯ ಏಳು ಮನೆಯಲ್ಲಿ ಎಷ್ಟೆಷ್ಟು ಕೋಳಿ ಇವೆ ಎಂದು ಬರೆಯಿರಿ. ಸರಾಸರಿ ತೆಗೆಯಿರಿ. ಸಾಲಾಗಿ ಬರೆದು ನಾಲ್ಕನೆಯ ಮನೆಯ ಅಂಕಿ ನೋಡಿ. ಎರಡೂ ಒಂದೇ ಬಂತೇ?

ಒಂದು ಹೊಲ, ಇಪ್ಪತ್ತೊಂದು ಸಾವಿರ

ಈಗ ದುಡ್ಡಿನ ಲೆಕ್ಕ. ನಿಧಾನವಾಗಿ ಓದಿ.

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಶುರುವಾಯಿತು. ಮುಂಗಾರಿನ ರಾಗಿಯಂಥ ಬೆಳೆಗೆ ರೈತರು ಕಟ್ಟುವ ಕಂತು ನೂರಕ್ಕೆ 2. ಒಂದು ಹೆಕ್ಟೇರಿಗೆ 42,000 ರೂಪಾಯಿ ವಿಮೆ ಎನ್ನಿ. ಇದು ಉದಾಹರಣೆ ಮಾತ್ರ. ನೂರು ರೂಪಾಯಿಗೆ 2 ಆದರೆ 42,000ಕ್ಕೆ 840 ರೂಪಾಯಿ ಕಂತು.

ಪರಿಹಾರ ಯಾವಾಗ ಬರುತ್ತದೆ? ಅದಕ್ಕೆ ಒಂದು ಗಡಿಗೆರೆ ಇದೆ. ಹಿಂದಿನ 7 ವರ್ಷದ ಇಳುವರಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಕೆಟ್ಟ 2 ವರ್ಷ ಬಿಟ್ಟು ಒಳ್ಳೆಯ 5 ವರ್ಷದ ಸರಾಸರಿ ತೆಗೆಯುತ್ತಾರೆ. ಉದಾಹರಣೆಗೆ ಹೆಕ್ಟೇರಿಗೆ 16, 14, 17, 15, 13 ಕ್ವಿಂಟಲ್. ಕೂಡಿದರೆ 75. ಐದಕ್ಕೆ ಹಂಚಿದರೆ 15. ಇದರಲ್ಲಿ ನೂರಕ್ಕೆ 80 ಭಾಗ ಖಾತರಿ ಎಂದರೆ 12 ಕ್ವಿಂಟಲ್. ಬೆಳೆಗೆ, ಊರಿಗೆ ತಕ್ಕಂತೆ ಈ ಭಾಗ 70, 80 ಅಥವಾ 90 ಇರುತ್ತದೆ. ಇಲ್ಲಿ ನಮ್ಮ ಗಡಿಗೆರೆ 12. ಈ ವರ್ಷದ ಸರಾಸರಿ 12ಕ್ಕಿಂತ ಎಷ್ಟು ಇಳಿಯಿತೋ ಅಷ್ಟು ಪಾಲು ದುಡ್ಡು ಬರುತ್ತದೆ.

ಮಣೆಯ ಮೇಲಿನ ಸರಾಸರಿ ಎಷ್ಟಿತ್ತು? 12 ಕ್ವಿಂಟಲ್. ಗಡಿಗೆರೆಗೆ ಸರಿ ಸಮ. ಪರಿಹಾರ ಸೊನ್ನೆ.

ನಾಲ್ಕನೆಯ ಹೊಲ ಬೋರ್‌ವೆಲ್ ನೀರು ಕುಡಿದ ಹೊಲ ಎಂದು ಗೊತ್ತಾಯಿತು ಎನ್ನಿ. ಮಳೆಯನ್ನೇ ನಂಬಿದ ರಾಗಿಗೂ ನೀರು ಹಾಯಿಸಿದ ರಾಗಿಗೂ ಲೆಕ್ಕ ಬೇರೆ ಬೇರೆ ಇಡಬೇಕು. ಬೇಳೆಯನ್ನೂ ಅಕ್ಕಿಯನ್ನೂ ಒಂದೇ ಸೇರಿನಲ್ಲಿ ಬೆರೆಸಿ ಅಳೆಯುತ್ತೇವೆಯೇ? ಆ ಹೊಲ ತೆಗೆದು ಅದರ ಜಾಗಕ್ಕೆ ಮಳೆ ನಂಬಿದ ಒಂದು ಹೊಲ ಹಾಕಿದೆವು. ಅಲ್ಲಿ 2 ಕೆ.ಜಿ. ಅಂದರೆ 4 ಬೀಜ. ಈಗ 2, 3, 3, 4. ಕೂಡಿದರೆ 12. ಹಂಚಿದರೆ 3 ಬೀಜ. ಒಂದೂವರೆ ಕೆ.ಜಿ. ಹೆಕ್ಟೇರಿಗೆ 6 ಕ್ವಿಂಟಲ್. ಗಡಿಗೆರೆಯ ಅರ್ಧ. ಪರಿಹಾರವೂ ಅರ್ಧ. ಹೆಕ್ಟೇರಿಗೆ 21,000 ರೂಪಾಯಿ.

ಒಂದು ಗುಳಿಯ ಬೀಜ ಬದಲಾಯಿತು. ಸೊನ್ನೆ ಇದ್ದದ್ದು ಇಪ್ಪತ್ತೊಂದು ಸಾವಿರ ಆಯಿತು. ಅದೂ ಒಬ್ಬರಿಗಲ್ಲ. ಪಂಚಾಯಿತಿಯಲ್ಲಿ ಆ ಬೆಳೆಗೆ ಕಂತು ಕಟ್ಟಿದ ಪ್ರತಿಯೊಬ್ಬರಿಗೂ.

ಚಾಪೆಯ ಮೇಲೆ ಯಾರೂ ಮಾತಾಡಲಿಲ್ಲ. ಅಜ್ಜಿ ಮಾತ್ರ ಆ ಹದಿನಾರು ಬೀಜವನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಿದ್ದರು.

ಇದರಲ್ಲಿ ಇನ್ನೊಂದು ಮಾತು ಇದೆ, ಅದನ್ನೂ ಹೇಳಬೇಕು. ಮಾದರಿ ಸರಿಯಾಗಿಯೇ ಇರಬಹುದು. ಊರಿನ ಬೆಳೆ ನಿಜವಾಗಿ ಚೆನ್ನಾಗಿದ್ದು, ನಿಮ್ಮ ಹೊಲ ಒಂದೇ ಒಣಗಿರಬಹುದು. ಆಗ ಈ ಲೆಕ್ಕದಲ್ಲಿ ನಿಮಗೆ ದುಡ್ಡು ಬರುವುದಿಲ್ಲ. ಅಗುಳು ಹೇಳುವುದು ಪಾತ್ರೆಯ ಸುದ್ದಿ, ಇನ್ನೊಂದು ಅಗುಳಿನ ಸುದ್ದಿ ಅಲ್ಲ. ಆಲಿಕಲ್ಲು ಬಿದ್ದು, ಹೊಲಕ್ಕೆ ನೀರು ನುಗ್ಗಿ ನಿಮ್ಮ ಬೆಳೆ ಹೋದರೆ ಮಾತ್ರ ಬೇರೆ ದಾರಿ ಇದೆ. 72 ಗಂಟೆಯ ಒಳಗೆ ತಿಳಿಸಬೇಕು. ಅಂದರೆ ಮೂರು ದಿನ. ಆಗ ನಿಮ್ಮ ಹೊಲವನ್ನೇ ಬಂದು ನೋಡುತ್ತಾರೆ. ವಿಮೆ ಕಟ್ಟಿದ ರಸೀದಿ ಜೋಪಾನವಾಗಿ ಇಡಿ.

ಹತ್ತು ರೂಪಾಯಿಯ ಅರ್ಜಿ

ನಮ್ಮ ಪಂಚಾಯಿತಿಯಲ್ಲಿ ಯಾವ ನಾಲ್ಕು ಹೊಲ ಕೊಯ್ದರು? ಇದು ಮಣೆ ಮೇಲಿನ ಮಾತಲ್ಲ, ನಿಜದ ಮಾತು. ಅದನ್ನು ಕೇಳುವ ಹಕ್ಕು ನಮಗಿದೆ. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂತು. ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ನಾಲ್ಕನೆಯ ಸಂಜೆಯ ಪಾಠವೇ ಅರ್ಜಿ ಬರೆಯುವುದು ಆಯಿತು. ನಾನು ಹಲಗೆಯ ಮೇಲೆ ಬರೆದೆ. ಎಲ್ಲರೂ ನೋಡಿ ಬರೆದರು. ಚೀಟಿ ತಂದಿದ್ದ ಅಕ್ಕನ ಅರ್ಜಿಯನ್ನು ಕಳಿಸಿದೆವು. ನಾವು ಕೇಳಿದ್ದು ಮೂರೇ ಮಾತು. ಯಾವ ಸರ್ವೆ ನಂಬರು? ಯಾವ ದಿನ ಕಟಾವು? ಎಷ್ಟು ತೂಕ?

ಹೆಸರು ಬರೆಯುವಾಗ ಒಂದು ತೊಡಕು ಬಂತು. ಪಹಣಿ ಯಜಮಾನರ ಹೆಸರಿನಲ್ಲಿದೆ. ಬಿತ್ತಿದ್ದು, ಕಳೆ ತೆಗೆದದ್ದು, ಕೊಯ್ದದ್ದು ಅಕ್ಕ. "ನಾನು ಬರೀಬೋದಾ?" ಎಂದು ಹೆದರಿ ಕೇಳಿದರು. ಬರೆಯಬಹುದು. ಮಾಹಿತಿ ಕೇಳಲು ಪಹಣಿ ಬೇಕಿಲ್ಲ. ಈ ದೇಶದ ಪ್ರಜೆ ಆಗಿದ್ದರೆ ಸಾಕು.

ಉತ್ತರ ಬಂತು. ನಾಲ್ಕು ಸರ್ವೆ ನಂಬರು ಇತ್ತು. ಮೂರು ಹೊಲದ ತೂಕ ಎರಡು ಕೆ.ಜಿ. ಒಳಗೆ. ಒಂದರದು ಆರು ಕೆ.ಜಿ. ಮೇಲೆ. ಆ ನಂಬರು ಓದಿದ ಕೂಡಲೇ ಒಬ್ಬ ತಂಗಿ ಹೇಳಿದರು. "ಇದು ಅಡಿಕೆ ತೋಟದ ಪಕ್ಕದ್ದು. ಅಲ್ಲಿ ಬೋರು ಅದೆ. ನಾನೇ ಅಲ್ಲಿ ಕೂಲಿಗೆ ಹೋಗಿದ್ದೆ, ಎರಡು ಸಲ ನೀರು ಹಾಯ್ಸವ್ರೆ."

ವಿಚಾರಿಸಿದೆವು. ಚೀಟಿಯಲ್ಲಿ ಬಂದಿದ್ದ ಹೊಲ ಬೇರೆಯೇ ಇತ್ತಂತೆ. ಕಟಾವಿಗೆ ಬರುವುದು ತಡವಾಯಿತು. ಅಷ್ಟರಲ್ಲಿ ಆ ಹೊಲದವರು ಕೊಯ್ದು ಮೆದೆ ಹಾಕಿದ್ದರು. ಬಂದ ಹುಡುಗನಿಗೆ ಒಂದೇ ವಾರದಲ್ಲಿ ಬಹಳ ಹೊಲ ಮುಗಿಸಬೇಕಿತ್ತು. ರಸ್ತೆ ಪಕ್ಕ ನಿಂತಿದ್ದ ರಾಗಿ ಕಂಡಿತು. ಅಲ್ಲಿಯೇ ಹಗ್ಗ ಕಟ್ಟಿದ. ಅವನು ಬೇಕೆಂದು ಮಾಡಿದ ಎಂದು ನಾನು ಹೇಳಲಾರೆ. ಆದರೆ ಮಾದರಿ ಕೆಡಲು ಕೆಟ್ಟ ಮನಸ್ಸೇ ಬೇಕಿಲ್ಲ. ಅವಸರ ಸಾಕು, ಹತ್ತಿರದ ದಾರಿ ಸಾಕು.

ತಕರಾರು ಅರ್ಜಿ ಕೊಟ್ಟೆವು. ಆ ಹಂಗಾಮಿನ ಲೆಕ್ಕ ಮುಗಿದಿದೆ ಎಂದು ಉತ್ತರ ಬಂತು. ದುಡ್ಡು ಬರಲಿಲ್ಲ. ಅಕ್ಕ ಆ ವರ್ಷ ಕಿವಿಯ ಓಲೆ ಅಡವಿಟ್ಟು ಮಗಳ ಕಾಲೇಜಿಗೆ ಕಟ್ಟಿದರು. ಓಲೆ ಇನ್ನೂ ಬಿಡಿಸಿಕೊಂಡಿಲ್ಲ.

ಮುಂದಿನ ಮುಂಗಾರು ಬಂತು. ರಾಗಿ ತೆನೆ ಬಲಿಯುವ ಮೊದಲೇ ಅಕ್ಕ ಮತ್ತೆ ಅರ್ಜಿ ಬರೆದರು. ಈ ಸಲ ಹಲಗೆ ನೋಡದೆ ಬರೆದರು. ಯಾವ ಯಾವ ಸರ್ವೆ ನಂಬರು ಬಂದಿದೆ ಎಂದು ಮೊದಲೇ ತಿಳಿದುಕೊಂಡರು. ಆ ನಾಲ್ಕು ಹೊಲದವರಿಗೆ "ಕಟಾವಿನವರು ಬರೋವರೆಗೂ ಕೊಯ್ಯಬೇಡ್ರಪ್ಪ" ಎಂದು ಮನೆ ಮನೆಗೆ ಹೋಗಿ ಹೇಳಿ ಬಂದರು. ಇಬ್ಬರು ಗಂಡಸರು ನಕ್ಕರು. ಒಬ್ಬರು "ಇದೆಲ್ಲ ನಿಮಗ್ಯಾಕಮ್ಮ?" ಎಂದರು. ಆದರೂ ನಾಲ್ಕು ಹೊಲವೂ ಕೊಯ್ಯದೆ ನಿಂತಿದ್ದವು.

ಹಗ್ಗ ಬಂದ ದಿನ ನಾನು ಶಾಲೆಯಲ್ಲಿದ್ದೆ. ಹೋಗಲು ಆಗಲಿಲ್ಲ. ಸಂಜೆ ಅಕ್ಕ ತಮ್ಮ ಬರೆಯುವ ಪುಸ್ತಕ ತೋರಿಸಿದರು. ಆರು ಜನ ಬದುವಿನ ಮೇಲೆ ನಿಂತಿದ್ದರಂತೆ. ಹೆಜ್ಜೆ ಹಾಕುವಾಗ ಜೋರಾಗಿ ಎಣಿಸಿದರಂತೆ. ಹಗ್ಗದ ಮೇಲೆ ಬಾಗಿದ್ದ ಪೈರನ್ನು ಅಜ್ಜಿ ಕೋಲಿನಿಂದ ಆಚೆಗೆ ಸರಿಸಿ, "ಇದರ ಬೇರು ಹೊರಗದೆ ಕಣಪ್ಪ" ಎಂದರಂತೆ. ಬಂದಿದ್ದ ಹುಡುಗ "ಆಗಲಿ ಅಜ್ಜಿ" ಎಂದು ಅದನ್ನು ಬಿಟ್ಟನಂತೆ.

ಪುಸ್ತಕದಲ್ಲಿ ತಾರೀಖು ಇತ್ತು. ಸರ್ವೆ ನಂಬರು ಇತ್ತು. ಅದರ ಕೆಳಗೆ, ಗೆರೆ ದಾಟಿ ಹೋದ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿತ್ತು. 2 ಕೆ.ಜಿ. 350 ಗ್ರಾಂ. ನೀರು ಇಲ್ಲ. ಮಳೆ ಹೊಲ.